ನಾಲ್ಕನೇ ಹಾಸಿಗೆಯ ಹಳೆ ಹೆಸರು

"ಮೌಸ್ ಮುಟ್ಟಬೇಡಿ."

ಐಸಿಯುವಿಗೆ ಈ ಕಂಪ್ಯೂಟರು ಮಾರಿದ ಕಂಪನಿಯ ಎಂಜಿನಿಯರನ ಕೈ ಅರ್ಧ ದಾರಿಯಲ್ಲೇ ನಿಂತಿತು. ಪರದೆಯ ಮೂಲೆಯಲ್ಲಿ ಪುಟ್ಟದೊಂದು ಚೌಕ ಎದ್ದು ಕೂತಿತ್ತು. ಹೊಸ ಅಪ್‌ಡೇಟ್ ಬಂದಿದೆ, ಯಂತ್ರವನ್ನು ಆರಿಸಿ ಮತ್ತೆ ಶುರು ಮಾಡಲೇ ಎಂದು ಕೇಳುತ್ತಿತ್ತು. ಅದಕ್ಕೆ 'ಆಮೇಲೆ' ಎಂದು ಒತ್ತಲು ಹೊರಟಿದ್ದನಂತೆ ಪುಣ್ಯಾತ್ಮ. ಬೆರಳು ಸ್ವಲ್ಪ ಪಕ್ಕಕ್ಕೆ ಜಾರಿದ್ದರೆ 'ಈಗಲೇ' ಆಗಿಬಿಡುತ್ತಿತ್ತು.

"ಅದು ಕೇಳ್ತಾನೇ ಇರಲಿ," ಎಂದಳು ಗುಜರಿ ಮೇಡಂ. "ನೀವು ಕೈ ಜೇಬಲ್ಲಿಟ್ಕೊಂಡು ನಿಂತ್ಕೊಳ್ಳಿ."

ಗುಜರಿ ಮೇಡಂ ಎನ್ನುವುದು ಪೊಲೀಸ್ ಲ್ಯಾಬಿನವರು ಇಟ್ಟ ಹೆಸರು. ಕಂಪ್ಯೂಟರುಗಳು ಬೇಡವೆಂದು ಬಿಸಾಕಿದ್ದನ್ನು ಕೆದಕಿ ಕಳ್ಳರನ್ನು ಹಿಡಿಯುವುದು ಅವಳ ಕಸುಬು. ಲ್ಯಾಬು ಬಿಟ್ಟು ಸ್ವಂತ ಆಫೀಸು ತೆರೆದ ಮೇಲೂ ಆ ಹೆಸರು ಅವಳ ಬೆನ್ನು ಬಿಡಲಿಲ್ಲ, ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ. ಇಷ್ಟು ವರ್ಷ ಯಾರ್ಯಾರದೋ ಗುಜರಿ ಕೆದಕಿದವಳು ಈಗ ಒಡಹುಟ್ಟಿದವನಿಗಾಗಿ ಕೆದಕುತ್ತಿದ್ದಳು.

ಐಸಿಯುವಿನ ನಾಲ್ಕನೇ ಹಾಸಿಗೆಯಲ್ಲಿದ್ದ ಟೈಲರನ ಮೈಗೆ ಹೃದಯದ ಮದ್ದು ಎಷ್ಟೋ ಪಟ್ಟು ಹೆಚ್ಚಾಗಿ ಹರಿದು ಅವನು ತೀರಿಕೊಂಡಿದ್ದ. ಪ್ರಮಾಣ ಏರಿಸಿದವರು ಯಾರೆಂದು ಕೇಳಿದರೆ, ಐಸಿಯುವಿನ ಡ್ರಿಪ್ ಪಂಪುಗಳನ್ನೆಲ್ಲ ನಡೆಸುವ ಈ ಕಂಪ್ಯೂಟರು ಅಲ್ಲಿನ ನರ್ಸ್ ಆಗಿದ್ದ ಅವಳ ತಮ್ಮನ ಹೆಸರು ತೋರಿಸಿತ್ತು. ತಮ್ಮ ಈಗ ಲಾಕಪ್ಪಿನಲ್ಲಿದ್ದ.

ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದ್ದು ಅವಳೇ. ಊಟ ಬಡಿಸಿ, ಶಾಲೆಗೆ ಕಳಿಸಿ, ನರ್ಸಿಂಗ್ ಓದಿಸಿ, ಮೊದಲ ದಿನ ಬಿಳಿ ಅಂಗಿ ಇಸ್ತ್ರಿ ಮಾಡಿಕೊಟ್ಟವಳು. ಆಳು ಗಿಡ್ಡ, ಹಾಗಾಗಿ ಮನೆಯಲ್ಲಿ ಮೋಟು. ಅವಳ ಆಫೀಸಿಗೆ ಬಂದಾಗಲೆಲ್ಲ ಅವಳ ಕುರ್ಚಿಯನ್ನು ಪೂರಾ ತಗ್ಗಿಸಿಕೊಂಡು ಕೂರುತ್ತಿದ್ದ. ಅವನು ಹೋದ ಮೇಲೆ ಅವಳು ಗಮನವಿಲ್ಲದೆ ಕೂರಲು ಹೋಗಿ ದೊಪ್ಪನೆ ಕೆಳಗಿಳಿದು, ಅವನ ಜನ್ಮ ಜಾಲಾಡಿ, ಮತ್ತೆ ಕುರ್ಚಿ ಎತ್ತರಿಸಿಕೊಳ್ಳುತ್ತಿದ್ದಳು. ಫೋನು ಮಾಡಿ ಬೈದರೆ ಆ ಕಡೆಯಿಂದ ನಗು ಕೇಳುತ್ತಿತ್ತು.

ಬೆಳಗ್ಗೆ ಲಾಕಪ್ಪಿನಲ್ಲಿ ಅವನು ಗೋಡೆ ನೋಡಿಕೊಂಡು ಕೂತಿದ್ದ. ತಂದಿದ್ದ ಊಟ ಮುಟ್ಟಲಿಲ್ಲ. ಎಷ್ಟು ಕೇಳಿದರೂ ಹೇಳಿದ್ದು ಒಂದೇ ಮಾತು: "ನಾನು ಐಸಿಯು ಬಿಟ್ಟು ಎಲ್ಲೂ ಹೋಗಿಲ್ಲ ಅಕ್ಕ." ಅವಳ ಮುಖ ನೋಡಲಿಲ್ಲ. ಅವಮಾನಕ್ಕೆ ಕುಗ್ಗಿಹೋಗಿದ್ದಾನೆ ಎಂದುಕೊಂಡಳು. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತಳು.

ಸಂಜೆ ಇನ್ಸ್‌ಪೆಕ್ಟರ್ ಬಂದು ಈ ಯಂತ್ರದ ಪ್ಲಗ್ ಕಿತ್ತು ಕೋರ್ಟಿಗೆ ಸಾಗಿಸುವವನಿದ್ದ. ಪ್ಲಗ್ ಕಿತ್ತರೆ ಡಿಸ್ಕಿನಲ್ಲಿರುವುದು ಉಳಿಯುತ್ತದೆ, ಮೆಮೊರಿಯಲ್ಲಿರುವುದು ಹೋಗುತ್ತದೆ. ಡಿಸ್ಕಿನಲ್ಲಿದ್ದದ್ದು ಬರೀ ತಮ್ಮನ ಹೆಸರು. ಅವನನ್ನು ಉಳಿಸುವಂಥದ್ದು ಏನಾದರೂ ಇದ್ದರೆ ಅದು ಇರಬಹುದಾದ ಜಾಗ ಮೆಮೊರಿ ಒಂದೇ. ಅದಕ್ಕೇ ಸಾವಿನ ದಿನದಿಂದ ಯಂತ್ರವನ್ನು ಆರಿಸದಂತೆ ಇನ್ಸ್‌ಪೆಕ್ಟರನ ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಬೇಡಿಕೊಂಡಿದ್ದಳು. ಅಂದಿನಿಂದ ಐಸಿಯುವಿನ ಡ್ರಿಪ್ಪುಗಳನ್ನೆಲ್ಲ ನರ್ಸುಗಳು ಕೈಯಲ್ಲೇ ತಿರುಗಿಸುತ್ತ, ಹಾಸಿಗೆಯಿಂದ ಹಾಸಿಗೆಗೆ ಓಡುತ್ತ, ಇವಳ ಕಡೆ ಕೆಂಗಣ್ಣು ಬಿಡುತ್ತಿದ್ದರು.

ಯಂತ್ರದ ಹಿಂಬದಿಗೆ ಒಂದು ತಂತಿ ಸಿಕ್ಕಿಸಿ ತನ್ನ ಲ್ಯಾಪ್‌ಟಾಪಿಗೆ ಎಳೆದಿದ್ದಳು. ಹೊರಗಿನಿಂದಲೇ ಮೆಮೊರಿಯನ್ನು ಸಾಲು ಸಾಲಾಗಿ ಓದಿ ನಕಲು ತೆಗೆಯುವ ತಂತಿ. ಯಂತ್ರದೊಳಗೆ ಒಂದು ಹೊಸ ಪ್ರೋಗ್ರಾಂ ತೆರೆದರೂ ಕೆಲಸ ಕೆಟ್ಟಂತೆ, ಅದು ತನಗೊಂದಿಷ್ಟು ಜಾಗ ಕೇಳುತ್ತದೆ, ಯಂತ್ರ ಕೊಡುವುದು ಯಾರೋ ಬಿಟ್ಟುಹೋದ ಜಾಗವನ್ನೇ. ತಂತಿಯ ಕೆಂಪು ದೀಪ ಮಿಣುಕುತ್ತಿತ್ತು. ಅರ್ಧದಷ್ಟು ಓದಿ ಆಗಿತ್ತು.

ಆ ಟೈಲರನ ದಾಖಲೆಯನ್ನು ಪ್ರೋಗ್ರಾಂ ಅವತ್ತೇ ಅಳಿಸಿದೆ, ಮತ್ತೇನು ಹುಡುಕುತ್ತೀರಿ ಎಂದು ಎಂಜಿನಿಯರ ಗೊಣಗಿದ. ತಾನು ಅಪ್‌ಡೇಟ್ ಹಾಕಲು ಬಂದವನು, ಸಂಜೆಯೊಳಗೆ ಮುಗಿಸಿ ಹೋಗಬೇಕು ಎಂದೂ ಸೇರಿಸಿದ.

ಅವಳು ಗಾಜಿನಾಚೆ ಬೆರಳು ತೋರಿಸಿದಳು. "ಆ ಎರಡನೇ ಹಾಸಿಗೆ ಖಾಲಿ ಆಯ್ತಲ್ಲ, ಬೋರ್ಡಲ್ಲಿ ಖಾಲಿ ಅಂತ ಬರೆದಿದಾರೆ. ಹೊದಿಕೆ ಬದಲಾಯಿಸಿದಾರಾ?"

"ಇಲ್ಲ."

"ಯಾವಾಗ ಬದಲಾಯಿಸ್ತಾರೆ?"

"ಹೊಸ ಪೇಷೆಂಟ್ ಬಂದಾಗ."

"ಮೆಮೊರಿನೂ ಹಾಗೇ. ಖಾಲಿ ಅಂದ್ರೆ ಬೋರ್ಡ್ ಬದಲಾಯ್ತು ಅಂತ ಮಾತ್ರ. ಮಲಗಿದ್ದವರ ಗುರುತು ಹೊದಿಕೆ ಮೇಲೆ ಇನ್ನೂ ಇರುತ್ತೆ."

ಬೇರೆ ಪ್ರೋಗ್ರಾಮಿಗೆ ಕೊಡುವಾಗ ಆಪರೇಟಿಂಗ್ ಸಿಸ್ಟಂ ಜಾಗವನ್ನು ಒರೆಸಿಯೇ ಕೊಡುತ್ತದೆ, ಅಷ್ಟು ಮರ್ಯಾದೆ ಅದಕ್ಕಿದೆ. ಆದರೆ ಒಂದು ಪ್ರೋಗ್ರಾಂ ತಾನು ಬಿಟ್ಟ ಜಾಗವನ್ನು ತಾನೇ ಮತ್ತೆ ಬಳಸಿಕೊಂಡರೆ ಒರೆಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಮನೆಯವರದೇ ಎಂಜಲು ತಾನೇ ಎಂಬ ಉದಾಸೀನ. ಅವಳು ಇದನ್ನು ಹೇಳುತ್ತಿರುವಾಗ ಎಂಜಿನಿಯರನ ಕುತ್ತಿಗೆಯಲ್ಲಿ ಬೆವರು ಒಡೆದದ್ದನ್ನು ಗಮನಿಸಿದಳು. ಕೋಣೆಯಲ್ಲಿ ಚಳಿ ಹುಟ್ಟುವಷ್ಟು ಎಸಿ ಇತ್ತು.

ನಯವಾಗಿ ಕೇಳುತ್ತ ಹೋದಳು. ಅವನು ಮೊದಲು ಹಾರಿಕೆಯ ಉತ್ತರ ಕೊಟ್ಟ, ಆಮೇಲೆ ತಡವರಿಸಿದ, ಕೊನೆಗೆ ಬಾಯಿ ಬಿಟ್ಟ. ಈ ಯಂತ್ರವನ್ನು ಭಾನುವಾರಕ್ಕೊಮ್ಮೆ ಆರಿಸಿ ಶುರು ಮಾಡಿ ಎಂದು ಕಂಪನಿಯೇ ಆಸ್ಪತ್ರೆಗೆ ಬಾಯಿಮಾತಿನಲ್ಲಿ ಹೇಳಿತ್ತಂತೆ. ಬಹಳ ದಿನ ಓಡಿದರೆ ಪ್ರೋಗ್ರಾಂ ತಿಕ್ಕಲು ತಿಕ್ಕಲಾಗಿ ಆಡುತ್ತದೆ, ಯಾಕೆಂದು ತನಗೆ ಗೊತ್ತಿಲ್ಲ, ಆರಿಸಿ ಹಾಕಿದರೆ ಸರಿಹೋಗುತ್ತದೆ ಎಂದ.

"ಈಚೆಗೆ ಯಾವಾಗ ಆರಿಸಿದ್ದು?"

"ತಿಂಗಳ ಮೇಲಾಯ್ತು ಮೇಡಂ." ಅವನು ನೆಲ ನೋಡಿದ. "ಅದು ನಿಮ್ಮ ತಮ್ಮನ ಡ್ಯೂಟಿ. ಯಾಕೋ ಬಿಟ್ಟುಬಿಟ್ಟಿದಾನೆ."

ಹಾಸಿಗೆಗಳೆಲ್ಲ ತುಂಬಿ ತುಳುಕುವಾಗ ಯಂತ್ರ ಆರಿಸಲು ಬಿಡುವೆಲ್ಲಿ ಸಿಗುತ್ತದೆ, ಪಾಪ ಮರೆತಿರುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇರೆ ಯಾರ ತಮ್ಮನಾಗಿದ್ದರೂ ಇಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ.

ಎಂಜಿನಿಯರನನ್ನು ಕ್ಯಾಂಟೀನಿಗೆ ಕಳಿಸಿ ಮತ್ತೆ ಓದಲು ಕೂತಳು.

ಪರದೆಯ ತುಂಬ ಅಕ್ಷರ, ಅಂಕಿ, ಚುಕ್ಕಿ. ನೋಡಿದವರಿಗೆ ತಲೆ ಚಿಟ್ಟು ಹಿಡಿಯಬೇಕು. ಅವಳು ಟೈಲರನ ಹೆಸರು ಹುಡುಕಿದಳು. ಸಿಕ್ಕಿತು. ಹೆಸರು, ನಾಲ್ಕನೇ ಹಾಸಿಗೆ, ಪಂಪಿನ ಅಂಕಿ, ನೋಡಿಕೊಳ್ಳುವ ನರ್ಸ್ ಎಂದು ತಮ್ಮನ ಹೆಸರು. ಎಲ್ಲ ಒಂದರ ಪಕ್ಕ ಒಂದು, ಅಚ್ಚುಕಟ್ಟಾಗಿ. ಇನ್ನೇನು ಕೈಚೆಲ್ಲಬೇಕು, ಆಗ ಕಣ್ಣಿಗೆ ಬಿತ್ತು.

ಟೈಲರನದು ಚಿಕ್ಕ ಹೆಸರು. ಅದು ಮುಗಿದ ಮೇಲೆ ಜಾಗ ಬಿಳಿಯಾಗಿರಬೇಕಿತ್ತು. ಇರಲಿಲ್ಲ. ಹೆಸರಿನ ಹಿಂದೆ ಇನ್ಯಾರದೋ ಉದ್ದ ಹೆಸರಿನ ಬಾಲ ಅಂಟಿಕೊಂಡಿತ್ತು. ಹಳೆ ಹೆಸರಿನ ಮೇಲೆ ಹೊಸ ಹೆಸರು ಬರೆದು, ಮಿಕ್ಕ ಅಕ್ಷರಗಳನ್ನು ಒರೆಸದೆ ಬಿಟ್ಟ ಹಾಗೆ.

ದೊಡ್ಡ ಸಿಸ್ಟರನ್ನು ಕರೆದು ಆ ಬಾಲ ತೋರಿಸಿದಳು. ಆಯಮ್ಮ ಕನ್ನಡಕ ಏರಿಸಿ ನೋಡಿ, ಇದು ನಮ್ಮ ರಿಟೈರ್ಡ್ ಪೋಸ್ಟ್‌ಮಾಸ್ಟರ ಹೆಸರು ಎಂದರು. ಅವರು ಟೈಲರನಿಗಿಂತ ಮುಂಚೆ ನಾಲ್ಕನೇ ಹಾಸಿಗೆಯಲ್ಲಿದ್ದವರು. ಆ ದಿನ ಬೆಳಗ್ಗೆಯೇ ಹುಷಾರಾಗಿ ಕೆಳಗಿನ ವಾರ್ಡಿಗೆ ಹೋದರು, ಈಗ ಮನೆಯಲ್ಲಿ ಚೆನ್ನಾಗಿದ್ದಾರೆ.

ಗುಜರಿ ಮೇಡಂಗೆ ಎಳೆ ಒಂದೊಂದೇ ಬಿಚ್ಚಿಕೊಳ್ಳತೊಡಗಿತು. ಪೋಸ್ಟ್‌ಮಾಸ್ಟರು ಐಸಿಯುವಿನಿಂದ ಹೋದಾಗ ಪ್ರೋಗ್ರಾಂ ಅವರ ಜಾಗ ಬಿಟ್ಟುಕೊಟ್ಟಿದೆ. ತಿಂಗಳಿಂದ ಆರಿಸದೆ ಓಡಿದ ಯಂತ್ರದಲ್ಲಿ ಜಾಗಕ್ಕೆ ಬರ, ಹಾಗಾಗಿ ಬಿಟ್ಟ ಜಾಗವೇ ಟೈಲರನಿಗೆ ಸಿಕ್ಕಿದೆ. ಇಲ್ಲಿಯವರೆಗೂ ತಪ್ಪಿಲ್ಲ. ಆದರೆ ಯಾವುದೋ ಪರದೆಯ ಮೇಲೆ ಪೋಸ್ಟ್‌ಮಾಸ್ಟರ ಪುಟ ಮುಚ್ಚದೆ ಹಾಗೇ ಉಳಿದಿದ್ದರೆ? ಆ ಪುಟಕ್ಕೆ ಗೊತ್ತಿರುವುದು ಹೆಸರಲ್ಲ, ಜಾಗ. ಅಲ್ಲಿ ಕೂತು ಪೋಸ್ಟ್‌ಮಾಸ್ಟರಿಗೆಂದು ಕೊಟ್ಟ ಆಜ್ಞೆ ನೆಟ್ಟಗೆ ಟೈಲರನ ಪಂಪಿಗೆ ಬೀಳುತ್ತದೆ. ಪೋಸ್ಟ್‌ಮಾಸ್ಟರಿಗೆ ಹರಿಯುತ್ತಿದ್ದದ್ದು ಬರೀ ಸಲೈನ್. ಟೈಲರನಿಗೆ ಹರಿಯುತ್ತಿದ್ದದ್ದು ಹೃದಯದ ಮದ್ದು. ಅಲ್ಲಿ ತಂಪೆರೆಯುವ ಅಂಕಿ ಇಲ್ಲಿ ಪ್ರಾಣ ತೆಗೆಯುವ ಅಂಕಿ. ಕೊನೆಗೆ, ಏರಿಸಿದವರು ಯಾರು ಎಂದು ಬರೆಯುವಾಗ ಈ ಹೆಡ್ಡ ಪ್ರೋಗ್ರಾಂ ಆಜ್ಞೆ ಕೊಟ್ಟವರನ್ನು ನೋಡದೆ, ಆ ಹಾಸಿಗೆಯ ನರ್ಸ್ ಯಾರೋ ಅವನ ಹೆಸರು ಬರೆದು ಕೈ ತೊಳೆದುಕೊಂಡಿದೆ.

ಆಜ್ಞೆ ಎಲ್ಲಿಂದ ಬಂತು? ಅದನ್ನು ಹೊತ್ತು ತಂದ ಸಂದೇಶವೂ ಕೆಲಸ ಮುಗಿದ ಮೇಲೆ ಬಿಸಾಕಿದ ಜಾಗದಲ್ಲೇ ಬಿದ್ದಿರಬೇಕು. ಹುಡುಕಿದಳು. ಸಿಕ್ಕಿದ್ದು ಅರೆಬರೆ ತುಂಡು, ಅರ್ಧದ ಮೇಲೆ ಆಗಲೇ ಬೇರೇನೋ ಬರೆದಾಗಿತ್ತು. ಬೇಕಾದಷ್ಟು ಮಾತ್ರ ಉಳಿದಿತ್ತು. ಕಳಿಸಿದ ಕಂಪ್ಯೂಟರು: ಐಸಿಯು ನೋಡಿಕೊಳ್ಳುವ ದೊಡ್ಡ ಡಾಕ್ಟರ ಕೋಣೆಯದು. ಪಾಸ್‌ವರ್ಡ್: ದೊಡ್ಡ ಡಾಕ್ಟರದು.

ಅವಳು ಬಾಯಿಗೆ ಸೆರಗು ಒತ್ತಿ ಹಿಡಿದಳು. ಎಷ್ಟೋ ದಿನಗಳ ಮೇಲೆ ಉಸಿರು ಪೂರ್ತಿ ಒಳಗೆ ಹೋಯಿತು.

ತಡೆಯಲಾಗಲಿಲ್ಲ. ಅಲ್ಲೇ ಇನ್ಸ್‌ಪೆಕ್ಟರಿಗೆ ಫೋನು ಮಾಡಿದಳು. ನಕಲು ಇನ್ನೂ ಅರ್ಧ ಬಾಕಿ, ಆದರೂ ನೋಡಿ ಸಹಿ ಹಾಕಲು ಸಾಕ್ಷಿಗಳನ್ನು ಕರೆದುಕೊಂಡು ಬನ್ನಿ, ಈಗ ಕೈಗೆ ಸಿಕ್ಕಿದ್ದೇ ಸಾಕು ಎಂದಳು. ಅವನು ಖಾತ್ರಿಯಾಗಿ ಹೇಳುತ್ತೀರಾ ಎಂದು ಕೇಳಿದ. ಯಾವ ಕೇಸಿನಲ್ಲೂ ಅವಸರ ಮಾಡದವಳು ಅವತ್ತು ಮಾಡಿದಳು.

"ಬರ್ಕೊಳ್ಳಿ," ಎಂದಳು. "ಟೈಲರ್ ಸತ್ತಾಗ ಡಾಕ್ಟರ ಕೋಣೆ ಕಂಪ್ಯೂಟರ್ ಮುಂದೆ ಯಾರು ಕೂತಿದ್ರೋ ಅವರೇ ಆಸಾಮಿ. ಇದು ನನ್ನ ಮಾತು. ಕೋರ್ಟಲ್ಲೂ ಇದನ್ನೇ ಹೇಳ್ತೀನಿ."

ಬಾಗಿಲಲ್ಲಿ ಕಾವಲಿದ್ದ ಲೇಡಿ ಕಾನ್‌ಸ್ಟೆಬಲನ್ನು ಯಂತ್ರದ ಪಕ್ಕ ಕೂರಿಸಿ, ದೇವರು ಬಂದು ಕೇಳಿದರೂ ಮುಟ್ಟಲು ಬಿಡಬೇಡ ಎಂದು ಹೇಳಿ, ಡಾಕ್ಟರ ಕೋಣೆಯ ಕಡೆ ಹೊರಟಳು.

ಕಾರಿಡಾರಿನ ಬೆಂಚಿನ ಮೇಲೆ ಟೈಲರನ ಮಗಳು ಕೂತಿದ್ದಳು. ಅಪ್ಪ ಹೋದ ಮೇಲೂ ದಿನಾ ಬಂದು ಕೂರುತ್ತಾಳೆ, ಯಾರೂ ಎಬ್ಬಿಸುವುದಿಲ್ಲ. ಮಡಿಲಲ್ಲಿ ಅಪ್ಪನ ಕನ್ನಡಕ. ಗುಜರಿ ಮೇಡಂ ಯಾರ ಅಕ್ಕ ಎಂಬುದು ಅವಳಿಗೆ ಗೊತ್ತಿತ್ತು, ಆದ್ದರಿಂದ ಇಷ್ಟು ದಿನ ಮುಖ ತಿರುಗಿಸುತ್ತಿದ್ದಳು. ಇವತ್ತು ತಿರುಗಿಸಲಿಲ್ಲ.

"ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಯ್ತಮ್ಮ."

"ನನಗೆ ಹೇಳ್ತೀರಾ?"

"ವಾಪಸ್ ಬರುವಾಗ ಹೇಳ್ತೀನಿ," ಎಂದು ಅವಳ ಭುಜ ಮುಟ್ಟಿ ಮುಂದೆ ಹೋದಳು.

ದೊಡ್ಡ ಡಾಕ್ಟರು ಕಿಟಕಿಯ ಹತ್ತಿರ ನಿಂತಿದ್ದರು. ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದ ಮನುಷ್ಯ. ಗಡ್ಡ ಬೆಳೆದಿತ್ತು, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಮೇಜಿನ ಮೇಲೆ ಕಂಪ್ಯೂಟರು. ಅದರ ಪರದೆಯ ತುಂಬ ರೋಗಿಗಳ ಪುಟಗಳು, ಒಂದರ ಮೇಲೊಂದು, ಯಾವುದೂ ಮುಚ್ಚಿರಲಿಲ್ಲ.

ಅವಳು ಪೀಠಿಕೆ ಹಾಕಲಿಲ್ಲ. "ಪೋಸ್ಟ್‌ಮಾಸ್ಟರು ವಾರ್ಡಿಗೆ ಹೋದ ಮೇಲೂ ಅವರ ಪುಟ ಇಲ್ಲಿ ತೆರೆದೇ ಇತ್ತು."

"ಇರುತ್ತೆ. ನಾನು ಯಾವುದನ್ನೂ ಮುಚ್ಚಲ್ಲ. ಮುಚ್ಚಿದ್ರೆ ಮತ್ತೆ ಹುಡುಕಬೇಕು."

"ಆ ಪುಟದಿಂದ ಸಲೈನ್ ಏರಿಸಿದ್ರಿ. ಅದು ಟೈಲರಿಗೆ ಬಿತ್ತು."

ಹೇಗೆ ಎಂದು ಡಾಕ್ಟರು ಕೇಳಿದರು. ಅವಳು ವಿವರಿಸಿದಳು, ಬಿಟ್ಟ ಜಾಗ, ಮೇಲೆ ಬರೆದ ಹೆಸರು, ಉಳಿದ ಬಾಲ. ಕೇಳುತ್ತ ಕೇಳುತ್ತ ಅವರು ಕಿಟಕಿಯ ಕಟ್ಟೆಗೆ ಒರಗಿದರು. ಕಳ್ಳ ಸಿಕ್ಕಿಬಿದ್ದಾಗ ಮುಖದಲ್ಲಿ ಬರುವ ಕಳೆ ಅವಳಿಗೆ ಚೆನ್ನಾಗಿ ಗೊತ್ತು. ಇದು ಅದಲ್ಲ. ಇದು ದುಃಖ.

"ಹಾಗಾದ್ರೆ ನಾನು ಕೊಟ್ಟ ಅಂಕಿನೇ ಅವನನ್ನ ಕೊಂದಿದ್ದು," ಎಂದರು.

"ಒಪ್ಕೊಳ್ತೀರಾ?"

"ಅಂಕಿ ನಂದು, ಒಪ್ಕೊಳ್ತೀನಿ. ಒತ್ತಿದ ಬೆರಳು ನಂದಲ್ಲ. ಆ ಹೊತ್ತಿಗೆ ನಾನು ಆಪರೇಷನ್ ಥಿಯೇಟರಲ್ಲಿದ್ದೆ. ಸಿಸ್ಟರು ಫೋನನ್ನ ನನ್ನ ಕಿವಿಗೆ ಹಿಡಿದ್ರು, ಪೋಸ್ಟ್‌ಮಾಸ್ಟರಿಗೆ ಸಲೈನ್ ಏರಿಸು ಅಂತ ಹೇಳಿದೆ. ಥಿಯೇಟರಲ್ಲಿದ್ದವರನ್ನೆಲ್ಲ ಕೇಳಿ."

"ನಿಮ್ಮ ಪಾಸ್‌ವರ್ಡ್ ಬಿದ್ದಿದೆ."

"ನನ್ನ ಪಾಸ್‌ವರ್ಡ್ ಈ ಮಹಡಿ ಗೋಡೆಗೂ ಗೊತ್ತು ಮೇಡಂ." ಅವರು ಕೈಯಿಂದ ಮುಖ ಉಜ್ಜಿಕೊಂಡರು. "ವಾರ್ಡಿಗೆ ಹೋದ ಪೇಷೆಂಟು ಐಸಿಯು ಮಷೀನಲ್ಲಿ ಕಾಣಲ್ಲ. ಎಲ್ಲ ಮಹಡಿಯವರೂ ಕಾಣೋದು ಇಲ್ಲಿ ಮಾತ್ರ. ನಾನು ಕೈಬಿಡುವಿಲ್ಲದೆ ಇದ್ದಾಗ ಐಸಿಯುವಿಂದ ಒಬ್ಬರು ಬಂದು ಇಲ್ಲಿ ಕೂತು ಒತ್ತಿ ಹೋಗ್ತಾರೆ. ವರ್ಷದಿಂದ ಹೀಗೇ ನಡೀತಿದೆ. ತಪ್ಪು ಅಂತ ಗೊತ್ತಿದ್ರೂ ನಡೀತಿದೆ."

"ಯಾರು ಬರ್ತಾರೆ?"

"ನೀವು ಮೊದಲು ಕೂತ್ಕೊಳ್ಳಿ," ಎಂದರು.

ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ, ಅವರದೇ. ಅವಳು ಕೂರಲು ಹೋದಳು. ಕುರ್ಚಿ ಇರಬೇಕಾದ ಎತ್ತರದಲ್ಲಿ ಇರಲಿಲ್ಲ. ಅವಳು ದೊಪ್ಪನೆ ಕೆಳಗಿಳಿದಳು, ಮಂಡಿ ಎದೆಯ ಹತ್ತಿರ ಬಂತು.

ಆ ಇಳಿತ ಅವಳ ಮೈಗೆ ಗೊತ್ತಿತ್ತು. ತನ್ನ ಆಫೀಸಿನಲ್ಲಿ ಎಷ್ಟು ಸಲ ಹೀಗೇ ಬಿದ್ದು ಬೈದಿದ್ದಳು. ಬಾಯಿಗೆ ಆ ಬೈಗುಳ ಅಭ್ಯಾಸದಂತೆ ಬಂದೇಬಿಟ್ಟಿತು, ನಾಲಿಗೆಯ ತುದಿಯಲ್ಲಿ ನಿಂತು ಒಣಗಿತು.

ಅವಳು ಎದುರಿಗಿದ್ದ ಎತ್ತರದ ಮನುಷ್ಯನನ್ನು ನೋಡಿದಳು, ತಾನು ಕೂತ ಗಿಡ್ಡ ಕುರ್ಚಿಯನ್ನು ನೋಡಿದಳು.

"ಅವತ್ತಿಂದ ನಾನು ಆ ಕುರ್ಚೀಲಿ ಕೂತಿಲ್ಲ," ಎಂದರು ಡಾಕ್ಟರು. "ಮನಸ್ಸು ಬರಲಿಲ್ಲ. ಅವನು ಹೇಗೆ ಬಿಟ್ಟು ಹೋದನೋ ಹಾಗೇ ಇದೆ."

"ನನ್ನ ತಮ್ಮ," ಎಂದಳು ಅವಳು. ಕೇಳಿದ್ದಲ್ಲ.

ಡಾಕ್ಟರು ತಲೆಯಾಡಿಸಿದರು.

ನೀವು ಇದನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಸ್ವರ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ. ಪಾಸ್‌ವರ್ಡ್ ಹಂಚಿದ್ದು ಹೊರಗೆ ಬಂದರೆ ತನ್ನ ಡಾಕ್ಟರಿಕೆಯೇ ಹೋಗುತ್ತದೆ ಎಂಬ ಭಯ, ನಾಚಿಕೆಗೆಟ್ಟ ಭಯ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ತಮ್ಮನಾದರೂ ಬಾಯಿ ಬಿಡುತ್ತಾನೆ, ಡಾಕ್ಟರು ಹೇಳಿದ್ದಕ್ಕೆ ಒತ್ತಿದೆ ಎನ್ನುತ್ತಾನೆ, ಅಲ್ಲಿಗೆ ಅರ್ಧ ತಪ್ಪು ತನ್ನ ತಲೆಗೆ ಬರುತ್ತದೆ ಎಂದು ಕಾದು ಕೂತಿದ್ದರಂತೆ.

"ಅವನು ಬಿಡಲೇ ಇಲ್ಲ," ಎಂದರು. "ಇಲ್ಲಿಗೆ ಬಂದೇ ಇಲ್ಲ ಅಂದನಂತೆ. ನಿಜ ಹೇಳಿದ್ರೆ ಅವನಿಗೇ ಒಳ್ಳೇದಿತ್ತು. ನನಗಿದ್ದ ಭಯ ಏನು ಅಂತ ನನಗೆ ಗೊತ್ತು ಮೇಡಂ. ಅವನದು ಏನು ಅಂತ ಅರ್ಥ ಆಗ್ತಿಲ್ಲ."

ಅವಳು ಎದ್ದಳು. ಆ ತಗ್ಗಿನಿಂದ ಏಳಲು ಮೇಜು ಹಿಡಿದುಕೊಳ್ಳಬೇಕಾಯಿತು.

ಕಾರಿಡಾರಿನಲ್ಲಿ ಟೈಲರನ ಮಗಳು ಎದ್ದು ನಿಂತು ಕಾಯುತ್ತಿದ್ದಳು. ಗುಜರಿ ಮೇಡಂ ಗೋಡೆಯ ಕಡೆ ಮುಖ ಮಾಡಿಕೊಂಡು, ಎದುರಿಗೆ ಯಾರೂ ಇಲ್ಲವೆಂಬಂತೆ, ಹೆಜ್ಜೆ ಬೀಸಿ ಹೋದಳು. ಹಿಂದಿನಿಂದ ಮೇಡಂ ಎಂಬ ಕರೆ ಕೇಳಿತು. ತಿರುಗಲಿಲ್ಲ. ಬೆಳಗ್ಗೆ ತಮ್ಮ ತನ್ನ ಮುಖ ನೋಡದೆ ಗೋಡೆ ನೋಡಿದ್ದು ಯಾಕೆಂದು ಈಗ ತಿಳಿಯಿತು.

ಯಂತ್ರದ ಮುಂದೆ ಬಂದು ಕೂತಳು. ಕೆಂಪು ದೀಪ ಮಿಣುಕುತ್ತಲೇ ಇತ್ತು. ಮೂಲೆಯ ಚೌಕ ಇನ್ನೂ ಕೇಳುತ್ತಲೇ ಇತ್ತು, ಆರಿಸಲೇ, ಆರಿಸಲೇ ಎಂದು. ಡಾಕ್ಟರ ಕೋಣೆಯ ಕಂಪ್ಯೂಟರ್ ಮುಂದೆ ಯಾರು ಕೂತಿದ್ದರೋ ಅವರೇ ಆಸಾಮಿ. ಬರ್ಕೊಳ್ಳಿ. ನನ್ನ ಮಾತು. ತನ್ನ ನಾಲಿಗೆಯನ್ನು ತಾನೇ ಕಿತ್ತು ಹಾಕಬೇಕು ಅನ್ನಿಸಿತು.

ಮೋಟು ಕೊಲೆಗಾರನಲ್ಲ. ತಪ್ಪು ಪ್ರೋಗ್ರಾಮಿನದು, ಇದನ್ನು ಯಾವ ಕೋರ್ಟಿನಲ್ಲಾದರೂ ಹೇಳಿ ಒಪ್ಪಿಸಬಹುದು. ಹೇಳಿದಷ್ಟು ಮಾಡಿದ ಎಂದು ಒಪ್ಪಿಸಬಹುದು. ಆದರೆ ಬಂದೇ ಇಲ್ಲ ಎಂದು ಸುಳ್ಳು ಹೇಳಿದವನ ಮಾತು ಇನ್ನು ಯಾರು ನಂಬುತ್ತಾರೆ? ಅಕ್ಕನಿಗೂ ಸುಳ್ಳು ಹೇಳಿದನಲ್ಲ. ಅದು ಎಲ್ಲಕ್ಕಿಂತ ಹೆಚ್ಚು ನೋಯುತ್ತಿತ್ತು.

ಫೋನು ರಿಂಗಾಯಿತು. ಇನ್ಸ್‌ಪೆಕ್ಟರ್. ಸ್ವರದಲ್ಲಿ ಎಂದಿಲ್ಲದ ಅಕ್ಕರೆ. ಸಾಕ್ಷಿಗಳು ಸಿಕ್ಕಿದ್ದಾರೆ, ಹೊರಟೆವು, ಸ್ಟೇಷನ್ ಹತ್ತಿರವೇ ಇದೆಯಲ್ಲ, ಈಗ ಬಂದುಬಿಡುತ್ತೇವೆ ಎಂದ. ನಿಮ್ಮ ತಮ್ಮ ಇಲ್ಲೇ ಪಕ್ಕದಲ್ಲಿದ್ದಾನೆ, ಒಳ್ಳೆ ಸುದ್ದಿ ನೀವೇ ನಿಮ್ಮ ಬಾಯಿಂದ ಹೇಳಿ, ಅಷ್ಟರಲ್ಲಿ ನಾನು ಇವರನ್ನು ಜೀಪಿಗೆ ಹತ್ತಿಸುತ್ತೇನೆ ಎಂದು ಫೋನನ್ನು ಅವನ ಕೈಗೆ ಕೊಟ್ಟ. ಬೇಡ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಉಸಿರು ಕೇಳಿಸಿತು.

"ಅಕ್ಕ."

"ಡಾಕ್ಟರ ಕುರ್ಚೀಲಿ ಕೂತು ಬಂದೆ ಮೋಟು," ಎಂದಳು.

ದೂರದಲ್ಲಿ ಜೀಪಿನ ಬಾಗಿಲು ಬಡಿದ ಸದ್ದು ಬಂತು.

"ಯಾಕೋ ಸುಳ್ಳು ಹೇಳಿದೆ? ನಾನು ನಿನಗೆ ಹೊರಗಿನವಳಾ?"

"ಅಕ್ಕ, ಆ ಮಷೀನು ಇನ್ನೂ ಆನ್ ಇದ್ಯಾ?"

"ಇದೆ."

"ಎಷ್ಟು ಓದಿದೀಯ?"

"ಅರ್ಧ ದಾಟಿದೆ. ಯಾಕೆ?"

"ಆರಿಸಿಬಿಡು." ಪಿಸುಮಾತಿನಲ್ಲಿ ಹೇಳಿದ. ಚಿಕ್ಕವನಿದ್ದಾಗ ಜ್ವರ ಬಂದರೆ ನೀರು ಕೇಳುತ್ತಿದ್ದ ದನಿ ಅದು. "ಅವರು ಬರೋಕೆ ಮುಂಚೆ ಆರಿಸಿಬಿಡಕ್ಕ. ಮಿಕ್ಕಿದ್ದನ್ನ ಓದಬೇಡ."

"ಏನಿದೆ ಅದರಲ್ಲಿ?"

"ನಾನು ತಿಂಗಳಿಂದ ಅದನ್ನ ಆರಿಸ್ದೇ ಇಟ್ಟಿದ್ದು ಮರೆತು ಅಂದ್ಕೊಂಡ್ಯಾ? ಯಾರಿಗಾದರೂ ತೋರಿಸಬೇಕು ಅಂತಾನೇ ಇಟ್ಟಿದ್ದೆ. ಆಮೇಲೆ ಧೈರ್ಯ ಬರಲಿಲ್ಲ." "ಟೈಲರ್ ಮೊದಲನೆಯವನಲ್ಲ ಅಕ್ಕ. ತಿಂಗಳ ಹಿಂದೆನೂ ಒಬ್ಬರು ನಾನು ಒತ್ತಿದ ಮೇಲೆ ಹೀಗೇ ಹೋದರು."

ಆ ಕಡೆ ಯಾರೋ ಫೋನು ವಾಪಸ್ ಕೇಳಿದರು. ಕರೆ ಕಟ್ ಆಯಿತು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಜೀಪು ಬಂದು ನಿಂತ ಸದ್ದಿಗೆ ಕಾನ್‌ಸ್ಟೆಬಲ್ ಟೋಪಿ ಸರಿಮಾಡಿಕೊಂಡು ಎದುರುಗೊಳ್ಳಲು ಹೋದಳು. ಗಾಜಿನಾಚೆ ಟೈಲರನ ಮಗಳು ಕನ್ನಡಕ ಹಿಡಿದುಕೊಂಡು ಇವಳನ್ನೇ ನೋಡುತ್ತ ನಿಂತಿದ್ದಳು. ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಮೇಲೆ ಮೇಲೆ ಬರತೊಡಗಿತು.

ಗುಜರಿ ಮೇಡಂ ಕೈ ಚಾಚಿದಳು. ಮಧ್ಯಾಹ್ನವೆಲ್ಲ ಯಾರನ್ನೂ ಮುಟ್ಟಗೊಡದ ಆ ಮೌಸಿನ ಮೇಲೆ ಈಗ ಅವಳದೇ ಬೆರಳಿತ್ತು. ಪರದೆಯ ಮೂಲೆಯ ಚೌಕ ಅದೇ ಮಾತು ಕೇಳುತ್ತಿತ್ತು.